ಮಸಾಲೆಯ ಹಾಲು: ಕ್ರಮವೂ ಕಾರಣವೂ

ಹಾಲು ಕಾಯಿಸುವುದನ್ನು ಯಾರೂ ಒಂದು ವಿದ್ಯೆಯೆಂದು ಎಣಿಸುವುದಿಲ್ಲ. ಒಲೆಯ ಮೇಲೆ ಪಾತ್ರೆಯನ್ನಿಟ್ಟು, ಹಾಲು ಹೊಯ್ದು, ಉಕ್ಕುವುದರೊಳಗಾಗಿ ಇಳಿಸಿದರೆ ಕೆಲಸ ಮುಗಿಯಿತೆಂದು ಸಾಮಾನ್ಯವಾದ ತಿಳಿವಳಿಕೆ. ಅದಕ್ಕೆ ಚಿಟಿಕೆ ಅರಿಸಿನವನ್ನೋ, ನಾಲ್ಕು ಕಾಳು ಮೆಣಸನ್ನೋ, ಒಂದು ಏಲಕ್ಕಿಯನ್ನೋ ಕೂಡಿಸುವುದರಿಂದ ಕೆಲಸವೇನೂ ಹೆಚ್ಚುವುದಿಲ್ಲವೆಂದು ತೋರಬಹುದು. ಆದರೆ ಅದೇ ಹಾಲು, ಅದೇ ಸಾಮಾನು, ಅದೇ ಉರಿ ಇದ್ದರೂ ಒಂದು ಮನೆಯ ಹಾಲು ನುಣುಪಾಗಿ, ಹದವಾಗಿ, ಪರಿಮಳದಿಂದ ಕೂಡಿರುವುದು. ಇನ್ನೊಂದು ಮನೆಯದು ಒಡೆದು, ಹಸಿವಾಸನೆಯಿಂದ ಕೂಡಿ, ಲೋಟದ ತಳದಲ್ಲಿ ಹಳದಿಯ ಗಸಿಯನ್ನು ಉಳಿಸಿ, ಮಕ್ಕಳು ಮೂಗು ಹಿಡಿದುಕೊಂಡು ಕುಡಿಯುವಂತಿರುವುದು. ಈ ಭೇದಕ್ಕೆ ಕಾರಣವನ್ನು ಕೇಳಿದರೆ ಕೈಗುಣವೆಂದು ಹೇಳುತ್ತಾರೆ. ಕೈಗುಣವೆಂಬ ಮಾತನ್ನು ಬಿಡಿಸಿ ನೋಡಿದರೆ ಅದು ಬಹುಮಟ್ಟಿಗೆ ಕ್ರಮದ ಅರಿವೇ ಆಗಿರುತ್ತದೆ. ಯಾವುದನ್ನು ಮೊದಲು ಹಾಕಬೇಕು, ಯಾವುದನ್ನು ಕಡೆಗೆ ಹಾಕಬೇಕು, ಯಾವುದನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಾಕಬೇಕು ಎಂಬುದನ್ನು ತಿಳಿದವರ ಕೈಯಲ್ಲಿ ಗುಣವಿರುತ್ತದೆ.

ಈ ವಿಷಯವನ್ನು ನಾವು ಇಲ್ಲಿ ಎತ್ತಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಉಂಟು. ನಮ್ಮ ಅಡುಗೆಯ ಮನೆಯ ಈ ಹಳೆಯ ಪಾನೀಯವು ಈಚಿನ ವರ್ಷಗಳಲ್ಲಿ ‘ಚಿನ್ನದ ಹಾಲು’ ಎಂಬ ಹೆಸರನ್ನು ಪಡೆದು ಪರದೇಶಗಳಲ್ಲಿ ಸಂಚರಿಸಿ ಬಂದಿದೆ. ಬರುವಾಗ ಅನೇಕ ಹೊಗಳಿಕೆಗಳನ್ನೂ ಹೊತ್ತು ತಂದಿದೆ. ಇದರಿಂದ ವಿದ್ಯಾವಂತರಲ್ಲಿ ಎರಡು ಪಂಗಡಗಳಾಗಿವೆ. ಇದನ್ನು ಸಕಲ ರೋಗಗಳಿಗೂ ಮದ್ದೆಂದು ನಂಬುವವರು ಕೆಲವರು. ಇದು ಅಜ್ಜಿಯ ಕಾಲದ ಮೂಢನಂಬಿಕೆಯೆಂದು ತಳ್ಳಿಹಾಕುವವರು ಮತ್ತೆ ಕೆಲವರು. ನಮ್ಮ ಅಭಿಪ್ರಾಯದಲ್ಲಿ ಇಬ್ಬರೂ ಅಜ್ಜಿಗೆ ಅನ್ಯಾಯವನ್ನೇ ಮಾಡುತ್ತಾರೆ. ಆಕೆಯ ಕ್ರಮದಲ್ಲಿ ರಸಾಯನ ಶಾಸ್ತ್ರವು ಒಪ್ಪುವಂಥ ಯುಕ್ತಿಯಿತ್ತು. ಆದರೆ ಆ ಯುಕ್ತಿಯು ಒಂದು ಒಳ್ಳೆಯ ಪಾನೀಯವನ್ನು ಸಿದ್ಧಪಡಿಸುವ ಯುಕ್ತಿಯೇ ಹೊರತು ವೈದ್ಯನನ್ನು ಮನೆಯಿಂದ ದೂರವಿಡುವ ಯುಕ್ತಿಯಲ್ಲ.

ಮಸಾಲೆಯ ಹಾಲೆಂದರೆ ಒಂದೇ ಬಗೆಯದಲ್ಲ. ಶೀತವಾದಾಗ ಮಾಡುವ ಅರಿಸಿನದ ಹಾಲು ಎಲ್ಲರಿಗೂ ಪರಿಚಿತವಾದುದು. ಹಬ್ಬ ಮದುವೆಗಳಲ್ಲಿ ಕೇಸರಿ ಬಾದಾಮಿಗಳ ಹಾಲಿಗೆ ಮರ್ಯಾದೆ. ಆಶ್ವಯುಜ ಮಾಸದ ಹುಣ್ಣಿಮೆಯನ್ನು ನಮ್ಮ ಉತ್ತರದ ಜಿಲ್ಲೆಗಳಲ್ಲಿ ಶೀಗಿ ಹುಣ್ಣಿಮೆಯೆನ್ನುತ್ತಾರೆ; ಅದೇ ದಿನ ಮಹಾರಾಷ್ಟ್ರದಲ್ಲಿ ಕೋಜಾಗರಿ ಎಂಬ ಹೆಸರಿನಿಂದ ಜಾಗರಣೆ ಮಾಡಿ, ಬೆಳುದಿಂಗಳಲ್ಲಿ ಮಸಾಲೆಯ ಹಾಲನ್ನು ಹಂಚಿಕೊಂಡು ಕುಡಿಯುತ್ತಾರೆ. ಇನ್ನು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳಲ್ಲಿಯೂ ಮಲೆನಾಡಿನಲ್ಲಿಯೂ ಕೊತ್ತಂಬರಿ ಜೀರಿಗೆಗಳ ಪುಡಿಯನ್ನು ಕುದಿಸಿ, ಹಾಲು ಬೆಲ್ಲಗಳನ್ನು ಸೇರಿಸಿ ಮಾಡುವ ಕಷಾಯವು ಕಾಫಿಗೆ ಪ್ರತಿಯಾಗಿ ನಿಂತಿರುವ ನಿತ್ಯದ ಪಾನೀಯ. ಈ ಎಲ್ಲಕ್ಕೂ ಮೂಲ ಒಂದೇ: ಹಾಲು, ಉರಿ, ಮಸಾಲೆ. ಆದುದರಿಂದ ಮೊದಲು ಹಾಲಿನ ಸ್ವಭಾವವನ್ನು ನೋಡೋಣ.

ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ. ಉಳಿದ 13 ಪಾಲಿನಲ್ಲಿ ಜಿಡ್ಡು ಹೆಚ್ಚುಕಡಮೆ 4 ಪಾಲು, ಪ್ರೋಟೀನ್ ಎಂಬ ಸಸಾರಜನಕ ದ್ರವ್ಯ 3 ಪಾಲಿಗಿಂತ ತುಸು ಹೆಚ್ಚು, ಹಾಲಿನ ಸಕ್ಕರೆ 5 ಪಾಲಿಗೆ ತುಸು ಕಡಮೆ. ಮಿಕ್ಕದ್ದು ಸುಣ್ಣವೇ ಮೊದಲಾದ ಲವಣಗಳು. ಎಮ್ಮೆಯ ಹಾಲಿನಲ್ಲಿ ಜಿಡ್ಡು 6ರಿಂದ 8 ಪಾಲಿನವರೆಗೂ ಇರುವುದುಂಟು. ಪೇಟೆಯಲ್ಲಿ ಪೊಟ್ಟಣದಲ್ಲಿ ಬರುವ ಟೋನ್ಡ್ ಹಾಲಿನಲ್ಲಿ ಜಿಡ್ಡು 3 ಪಾಲು, ಫುಲ್ ಕ್ರೀಮ್ ಹಾಲಿನಲ್ಲಿ 6 ಪಾಲು. ಈ ಜಿಡ್ಡು ಕಣ್ಣಿಗೆ ಕಾಣದಷ್ಟು ಸಣ್ಣ ಗೋಲಿಗಳಾಗಿ ನೀರಿನಲ್ಲಿ ತೇಲಿಕೊಂಡಿರುತ್ತದೆ. ಹಾಲೆಂಬುದು ನೀರೂ ಹೌದು, ತುಪ್ಪವೂ ಹೌದು. ನೀರಿನಲ್ಲಿ ಕರಗುವ ವಸ್ತುವಿಗೂ ಇಲ್ಲಿ ಸ್ಥಳವುಂಟು. ಜಿಡ್ಡಿನಲ್ಲಿ ಮಾತ್ರ ಕರಗುವ ವಸ್ತುವಿಗೂ ಇಲ್ಲಿ ಸ್ಥಳವುಂಟು. ಮಸಾಲೆಗಳಿಗೆ ಹಾಲು ಇಷ್ಟು ಚೆನ್ನಾಗಿ ಒಗ್ಗುವುದರ ಗುಟ್ಟು ಇದೇ.

ಪ್ರೋಟೀನಿನ ವಿಷಯದಲ್ಲಿ ಇನ್ನೊಂದು ಮಾತನ್ನು ತಿಳಿದಿರಬೇಕು. ಅದರಲ್ಲಿ ಎರಡು ಜಾತಿಗಳಿವೆ. ಐದರಲ್ಲಿ ನಾಲ್ಕು ಪಾಲು ಕೇಸೀನ್ ಎಂಬುದು. ನಮ್ಮ ಮೊಸರು ಗಟ್ಟಿಯಾಗುವಾಗ ಅದರ ಪಾತ್ರ ದೊಡ್ಡದು. ಉಳಿದ ಒಂದು ಪಾಲು, ಹಾಲು ಒಡೆದಾಗ ಮೇಲೆ ನಿಲ್ಲುವ ತಿಳಿನೀರಿನಲ್ಲಿ ಇರತಕ್ಕದ್ದು. ಕೇಸೀನು ಕುದಿಗೆ ಜಗ್ಗುವುದಿಲ್ಲ, ಆದರೆ ಹುಳಿ ಸೋಕಿದರೆ ಗರಣೆಗಟ್ಟುತ್ತದೆ. ತಿಳಿನೀರಿನ ಪ್ರೋಟೀನು ಸುಮಾರು 70 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿಯೇ ತನ್ನ ರೂಪವನ್ನು ಕಳೆದುಕೊಳ್ಳಲು ತೊಡಗುತ್ತದೆ. ಒಂದಕ್ಕೆ ಹುಳಿಯ ಭಯ, ಇನ್ನೊಂದಕ್ಕೆ ಬಿಸಿಯ ಭಯ. ಹಾಲಿನ ವಿಷಯದಲ್ಲಿ ಅಡುಗೆಯ ಮನೆಯಲ್ಲಿ ಸಂಭವಿಸುವ ತೊಂದರೆಗಳೆಲ್ಲ ಹೆಚ್ಚಾಗಿ ಈ ಎರಡು ಭಯಗಳಿಂದಲೇ ಹುಟ್ಟುತ್ತವೆ.

ಬಿಸಿಯಿಂದ ರೂಪಗೆಟ್ಟ ಪ್ರೋಟೀನು ತಳಕ್ಕೆ ಅಂಟಿಕೊಂಡರೆ ಹಾಲು ಸೀಯುತ್ತದೆ. ಮೇಲೆ ಬಂದು ಜಿಡ್ಡಿನೊಡನೆ ಸೇರಿ ಪದರವಾದರೆ ಕೆನೆಯಾಗುತ್ತದೆ. ಆ ಕೆನೆಯು ಪಾತ್ರೆಗೆ ಮುಚ್ಚಳದಂತೆ ಕುಳಿತುಕೊಳ್ಳುವುದರಿಂದ ಕೆಳಗಿನಿಂದ ಏಳುವ ಆವಿಯ ಗುಳ್ಳೆಗಳಿಗೆ ದಾರಿ ಸಿಕ್ಕದೆ ಅವು ಒಟ್ಟಾಗಿ ಮುಚ್ಚಳವನ್ನೇ ಎತ್ತಿಕೊಂಡು ಹೊರಗೆ ಬರುತ್ತವೆ. ಹಾಲು ಉಕ್ಕುವುದೆಂದರೆ ಇದೇ. ನೀರಿಗೆ ಇಂಥ ಮುಚ್ಚಳವಿಲ್ಲದ ಕಾರಣ ಅದು ಕುದಿಯುತ್ತದೆಯೇ ಹೊರತು ಹೀಗೆ ಉಕ್ಕುವುದಿಲ್ಲ. ಆದುದರಿಂದಲೇ ದಪ್ಪ ತಳದ ಅಗಲವಾದ ಪಾತ್ರೆ, ಸಣ್ಣ ಉರಿ, ಆಗಾಗ್ಗೆ ಸೌಟಿನಿಂದ ಕೈಯಾಡಿಸುವುದು, ಹಾಲು ಹೊಯ್ಯುವುದಕ್ಕೆ ಮುಂಚೆ ಪಾತ್ರೆಯ ಒಳಮೈಯನ್ನು ನೀರಿನಿಂದ ತೊಳೆದು ಒರಸದೆ ಬಿಡುವುದು, ಇವೆಲ್ಲವೂ ಹಿಂದಿನಿಂದ ಬಂದ ನಿಯಮಗಳು. ಪ್ರತಿಯೊಂದಕ್ಕೂ ಆಧಾರವುಂಟು.

ಇನ್ನು ಮಸಾಲೆಗಳ ಕಡೆಗೆ ತಿರುಗೋಣ. ಮಸಾಲೆಯಿಂದ ನಾವು ಬಯಸುವುದು ಮೂರನ್ನು: ಬಣ್ಣ, ಪರಿಮಳ, ಖಾರ. ಇವು ಮೂರೂ ಬೇರೆ ಬೇರೆ ದ್ರವ್ಯಗಳಿಂದ ಬರುವುವು. ಬಿಸಿಯೊಡನೆ ಇವುಗಳ ವ್ಯವಹಾರವೂ ಬೇರೆ ಬೇರೆ.

ಅರಿಸಿನದ ಹಳದಿಗೆ ಕಾರಣವಾದ ಕುರ್ಕ್ಯುಮಿನ್ ಎಂಬ ದ್ರವ್ಯವನ್ನು 1815ರಲ್ಲಿ ಯೂರೋಪಿನ ರಸಾಯನಜ್ಞರು ಬೇರ್ಪಡಿಸಿದರು. ಅದರ ರಚನೆ 1910ರಲ್ಲಿ ತಿಳಿದುಬಂದಿತು. ಇದು ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು, ಜಿಡ್ಡಿನಲ್ಲಿ ಕರಗುತ್ತದೆ. ಬರಿಯ ನೀರಿಗೆ ಅರಿಸಿನವನ್ನು ಕದಡಿ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಪುಡಿ ತಳಕ್ಕಿಳಿಯುತ್ತದೆ. ಬಿಸಿ ಹಾಲಿನಲ್ಲಿ ಬಣ್ಣವು ಜಿಡ್ಡಿನ ಗೋಲಿಗಳನ್ನು ಹಿಡಿದುಕೊಂಡು ಸಮವಾಗಿ ಹರಡುತ್ತದೆ. ಇದೇ ಅರಿಸಿನಕ್ಕೆ ಸುಣ್ಣ ಸೋಕಿದರೆ ಕೆಂಪಾಗಿ ನಮ್ಮ ಆರತಿಯ ಓಕುಳಿಯಾಗುವುದು ಎಲ್ಲರಿಗೂ ತಿಳಿದ ವಿಷಯವಷ್ಟೆ. ಕ್ಷಾರದೊಡನೆ ಅದು ಬಣ್ಣವನ್ನು ಬದಲಾಯಿಸುತ್ತದೆ. ಹಾಲು ಕ್ಷಾರವಲ್ಲ, ಅತಿ ಅಲ್ಪವಾಗಿ ಆಮ್ಲವೇ ಆಗಿರುವುದರಿಂದ ಹಾಲಿನಲ್ಲಿ ಹಳದಿಯು ಹಳದಿಯಾಗಿಯೇ ಉಳಿಯುತ್ತದೆ.

ಕೇಸರಿಯ ಸ್ವಭಾವವು ಇದಕ್ಕೆ ವಿರುದ್ಧ. ಅದರ ಬಣ್ಣವಾದ ಕ್ರೋಸಿನ್ ನೀರಿನಲ್ಲಿ ಚೆನ್ನಾಗಿ ಕರಗುವುದು. ಆದರೆ ಒಣಗಿದ ಎಸಳಿನಿಂದ ಬಣ್ಣ ಹೊರಕ್ಕೆ ಬರುವುದಕ್ಕೆ ಹೊತ್ತು ಬೇಕು. ಆದುದರಿಂದ ಕೇಸರಿಯನ್ನು ಕುದಿಯುವ ಹಾಲಿಗೆ ನೇರವಾಗಿ ಉದುರಿಸುವುದಕ್ಕಿಂತ ಎರಡು ಚಮಚ ಬೆಚ್ಚನೆಯ ಹಾಲಿನಲ್ಲಿ ಕಾಲು ಗಂಟೆ ನೆನೆಸಿ, ಕಡೆಗೆ ಸೇರಿಸುವುದು ಮೇಲು. ಬೆಲೆಯುಳ್ಳ ಪದಾರ್ಥವಾದುದರಿಂದ ಈ ತಾಳ್ಮೆಯಲ್ಲಿ ಲಾಭವೂ ಉಂಟು: ಹತ್ತು ಎಸಳು ಮಾಡುವ ಕೆಲಸವನ್ನು ನಾಲ್ಕೈದು ಎಸಳು ಮಾಡುತ್ತದೆ.

ಏಲಕ್ಕಿಯ ಬೆಲೆಯಿರುವುದು ಅದರ ಪರಿಮಳದಲ್ಲಿ. ಪರಿಮಳವೆಂದರೆ ಹಾರಿಹೋಗುವ ತೈಲ. ಮೂಗಿಗೆ ಬರುವುದೆಲ್ಲವೂ ಲೋಟವನ್ನು ಬಿಟ್ಟುಹೋದದ್ದೇ. ಏಲಕ್ಕಿಯನ್ನು ಮೊದಲೇ ಹಾಕಿ ಕುದಿಸುತ್ತಿರುವಾಗ ಮನೆಯೆಲ್ಲ ಘಮಘಮಿಸಿದರೆ ಸಂತೋಷಪಡುವವರು ಬಹು ಮಂದಿ. ಆದರೆ ಅಷ್ಟು ಪರಿಮಳವೂ ಹಾಲಿಗೆ ನಷ್ಟವೇ. ಆದುದರಿಂದ ಏಲಕ್ಕಿಯ ಕಾಳನ್ನು ಆ ಹೊತ್ತಿಗೇ ಕುಟ್ಟಿ, ಒಲೆಯಿಂದ ಇಳಿಸುವ ಸಮಯದಲ್ಲಿ ಹಾಕಿ ಮುಚ್ಚಬೇಕು. ಮೆಣಸಿನ ಖಾರಕ್ಕೆ ಕಾರಣವಾದ ಪೈಪರೀನ್ ಹೀಗೆ ಹಾರಿಹೋಗುವುದಿಲ್ಲ. ಅದನ್ನು ಮೊದಲಿನಿಂದಲೂ ಧೈರ್ಯವಾಗಿ ಕುದಿಸಬಹುದು. ಹಾಲಿನ ಜಿಡ್ಡೂ ಕೇಸೀನೂ ಖಾರವನ್ನು ತಮ್ಮೊಳಗೆ ಅಡಗಿಸಿಕೊಳ್ಳುವುದರಿಂದ ನೀರಿನಲ್ಲಿ ಗಂಟಲನ್ನು ಕೆರಳಿಸುವ ಮೆಣಸು ಹಾಲಿನಲ್ಲಿ ಸೌಮ್ಯವಾಗುತ್ತದೆ.

ಈಗ ಹಾಲನ್ನು ಒಡೆಯುವ ಎರಡು ಪದಾರ್ಥಗಳ ವಿಚಾರ. ಒಂದು ಬೆಲ್ಲ, ಇನ್ನೊಂದು ಹಸಿಶುಂಠಿ. ಬೆಲ್ಲವು ನಾಲಗೆಗೆ ಸಿಹಿಯಾದರೂ ರಸಾಯನದ ದೃಷ್ಟಿಯಲ್ಲಿ ಕೊಂಚ ಹುಳಿಯೇ. ಅದರಲ್ಲಿ ಲವಣಗಳೂ ಇರುತ್ತವೆ. ತಣ್ಣನೆಯ ಹಾಲಿನಲ್ಲಿ ಇಷ್ಟು ಹುಳಿಯಿಂದ ಕೇಡಿಲ್ಲ. ಆದರೆ ಹಾಲು ಕುದಿಯುತ್ತಿರುವಾಗ ಅದನ್ನು ಒಡೆಯುವುದಕ್ಕೆ ಬೇಕಾಗುವ ಹುಳಿಯು ಬಹಳ ಕಡಮೆ. ಕುದಿಯುವ ಹಾಲಿಗೆ ಬೆಲ್ಲದ ಅಚ್ಚನ್ನು ಹಾಕಿದರೆ ಅದು ಗರಣೆಗಟ್ಟುವುದು ಇದರಿಂದಲೇ. ಶುದ್ಧಮಾಡಿದ ಸಕ್ಕರೆಯಲ್ಲಿ ಈ ಹುಳಿಯಿಲ್ಲ. ಅದನ್ನು ಯಾವಾಗಲಾದರೂ ಹಾಕಬಹುದು. ಹಸಿಶುಂಠಿಯ ಮಾತು ಬೇರೆ. ಅದರಲ್ಲಿ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವವಿದೆ. ಅದು ಸುಮಾರು 60 ಡಿಗ್ರಿಯ ಬೆಚ್ಚನೆಯ ಹಾಲಿನಲ್ಲಿ ಚುರುಕಾಗಿ ಕೆಲಸಮಾಡಿ ಹಾಲನ್ನು ಹೆಪ್ಪುಗಟ್ಟಿಸುತ್ತದೆ. ಚೀನದ ದಕ್ಷಿಣದಲ್ಲಿರುವ ಗ್ವಾಂಗ್‌ಡಾಂಗ್ ಪ್ರಾಂತದವರು ಇದೇ ಗುಣವನ್ನು ಉಪಯೋಗಿಸಿಕೊಂಡು ಶುಂಠಿಯ ರಸಕ್ಕೆ ಬಿಸಿ ಹಾಲನ್ನು ಹೊಯ್ದು ಗಿಣ್ಣಿನಂಥ ಸಿಹಿತಿಂಡಿಯನ್ನು ಮಾಡುತ್ತಾರೆ. ಅಲ್ಲಿ ಗುಣವಾದದ್ದು ನಮ್ಮ ಲೋಟದಲ್ಲಿ ದೋಷ. ಇದಕ್ಕೆ ಪರಿಹಾರ ಸುಲಭ: ಶುಂಠಿಯನ್ನು ಮೊದಲು ನೀರಿನಲ್ಲಿ ಕುದಿಸಿದರೆ ಕಿಣ್ವವು ಸತ್ತು ಖಾರ ಮಾತ್ರ ಉಳಿಯುತ್ತದೆ. ಒಣಶುಂಠಿಯಲ್ಲಿ ಈ ತೊಂದರೆ ಬಹಳ ಕಡಮೆ.

ಇಷ್ಟು ತಿಳಿದ ಮೇಲೆ ಕ್ರಮವು ತಾನಾಗಿಯೇ ಒದಗುತ್ತದೆ. ಮೊದಲು ನೀರು, ಆಮೇಲೆ ಹಾಲು, ಕಡೆಗೆ ಪರಿಮಳ, ಇಳಿಸಿದ ಮೇಲೆ ಬೆಲ್ಲ. ಈ ಸೂತ್ರವು ಹೊಸದೇನೂ ಅಲ್ಲ. ಆಯುರ್ವೇದದಲ್ಲಿ ಕ್ಷೀರಪಾಕವೆಂಬ ವಿಧಿಯುಂಟು. ಮೂಲಿಕೆ ಒಂದು ಪಾಲಾದರೆ ಹಾಲು ಎಂಟು ಪಾಲು, ನೀರು ಹಾಲಿನ ನಾಲ್ಕರಷ್ಟು, ಎಂದರೆ 32 ಪಾಲು. ನೀರೆಲ್ಲ ಇಂಗಿ ಹಾಲು ಮಾತ್ರ ಉಳಿಯುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಬೇಕೆಂಬುದು ಅದರ ಪ್ರಮಾಣ. ನಮ್ಮ ನಿತ್ಯದ ಲೋಟಕ್ಕೆ ಅಷ್ಟು ನೀರೂ ಅಷ್ಟು ಹೊತ್ತೂ ಬೇಕಾಗಿಲ್ಲ. ಆದರೆ ನೀರು ಜೊತೆಗಿದ್ದರೆ ಮಸಾಲೆಯ ಸಾರ ಇಳಿಯುವುದಕ್ಕೆ ಅವಕಾಶವಿರುತ್ತದೆ, ಹಾಲೂ ಬೇಗನೆ ಸೀಯುವುದಿಲ್ಲ ಎಂಬ ಅನುಭವವನ್ನು ಅದರಲ್ಲಿ ಕಾಣಬಹುದು.

ಇನ್ನು ಮಾಡುವ ವಿಧಾನವನ್ನು ಹೇಳುತ್ತೇವೆ, ಬರೆದುಕೊಳ್ಳುವವರು ಬರೆದುಕೊಳ್ಳಬಹುದು. ಮೊದಲನೆಯದು ಅರಿಸಿನದ ಹಾಲು. ಎರಡು ಲೋಟಕ್ಕೆ ಹಾಲು 350 ಮಿಲಿಲೀಟರ್, ನೀರು 100 ಮಿಲಿಲೀಟರ್, ಅರಿಸಿನದ ಪುಡಿ ಅರ್ಧ ಚಹಾ ಚಮಚ, ಮೆಣಸು ಏಳೆಂಟು ಕಾಳು, ಒಣಶುಂಠಿ ಒಂದು ಚೂರು, ಏಲಕ್ಕಿ ಎರಡು, ಬೆಲ್ಲದ ಪುಡಿ ರುಚಿಗೆ ತಕ್ಕಷ್ಟು. ಮೆಣಸು ಶುಂಠಿಗಳನ್ನು ಕುಟ್ಟಾಣಿಯಲ್ಲಿ ಒರಟಾಗಿ ಕುಟ್ಟಿ, ಅರಿಸಿನದೊಡನೆ ನೀರಿಗೆ ಹಾಕಿ ನಾಲ್ಕೈದು ನಿಮಿಷ ಕುದಿಸಬೇಕು. ಅರಿಸಿನದ ಹಸಿವಾಸನೆ ಹೋಗುವುದು ಇಲ್ಲಿಯೇ. ಈ ಮೆಟ್ಟಿಲನ್ನು ಬಿಟ್ಟವರ ಹಾಲಿನಲ್ಲಿ ಆ ವಾಸನೆ ಕಡೆಯವರೆಗೂ ಉಳಿಯುತ್ತದೆ. ಆಮೇಲೆ ಹಾಲನ್ನು ಹೊಯ್ದು, ಉರಿಯನ್ನು ತಗ್ಗಿಸಿ, ಕೈಯಾಡಿಸುತ್ತ ಒಂದು ಕುದಿ ಬರುವವರೆಗೂ ಕಾಯಿಸಿ, ಮತ್ತೆ ಎರಡು ಮೂರು ನಿಮಿಷ ಸಣ್ಣ ಉರಿಯಲ್ಲಿಯೇ ಬಿಡಬೇಕು. ಕುಟ್ಟಿದ ಏಲಕ್ಕಿಯನ್ನು ಹಾಕಿ, ಒಲೆಯಿಂದ ಇಳಿಸಿ ಮುಚ್ಚಿಡಬೇಕು. ಐದು ನಿಮಿಷದ ಮೇಲೆ ಸೋಸಿ, ಬೆಲ್ಲವನ್ನು ಕರಗಿಸಿ ಕುಡಿಯಬಹುದು. ಕೆನೆ ತೆಗೆದ ಹಾಲನ್ನು ಉಪಯೋಗಿಸುವವರು ಕಾಲು ಚಮಚ ತುಪ್ಪವನ್ನು ಸೇರಿಸಿಕೊಂಡರೆ ಅರಿಸಿನದ ಬಣ್ಣಕ್ಕೆ ಆಶ್ರಯ ದೊರೆಯುತ್ತದೆ.

ಎರಡನೆಯದು ಕಷಾಯ. ಇದಕ್ಕೆ ಪುಡಿಯನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು. ಮನೆಯಿಂದ ಮನೆಗೆ ಪ್ರಮಾಣ ವ್ಯತ್ಯಾಸವಾದರೂ ಒಂದು ಒಳ್ಳೆಯ ಪ್ರಮಾಣವು ಹೀಗಿದೆ: ಕೊತ್ತಂಬರಿ ಬೀಜ ಎಂಟು ದೊಡ್ಡ ಚಮಚ, ಜೀರಿಗೆ ನಾಲ್ಕು, ಸೋಂಪು ಎರಡು, ಮೆಣಸು ಒಂದು, ಮೆಂತ್ಯ ಅರ್ಧ, ಇವುಗಳೊಡನೆ ಹೆಬ್ಬೆರಳ ಗಾತ್ರದ ಒಣಶುಂಠಿಯೂ ಏಳೆಂಟು ಏಲಕ್ಕಿಯೂ. ಒಂದೊಂದನ್ನೂ ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಬೇಕು. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿದರೆ ಕೊತ್ತಂಬರಿ ಬೆಚ್ಚಗಾಗುವುದರೊಳಗೆ ಜೀರಿಗೆ ಕರಿಕಾಗಿರುತ್ತದೆ. ಮೆಂತ್ಯವು ಹೊಂಬಣ್ಣವನ್ನು ಮೀರಿದರೆ ಕಹಿ. ಏಲಕ್ಕಿಯನ್ನು ಹುರಿಯಬೇಕಾಗಿಲ್ಲ. ಪೂರ್ತಿ ಆರಿದ ಮೇಲೆಯೇ ಪುಡಿ ಮಾಡಿ, ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ತುಂಬಬೇಕು. ಬಿಸಿಯಿರುವಾಗ ತುಂಬಿದರೆ ಆವಿ ನೀರಾಗಿ ಪುಡಿಗೆ ಬೂಷ್ಟು ಹಿಡಿಯುತ್ತದೆ. ಒಂದು ತಿಂಗಳಿಗೆ ಸಾಕಾಗುವಷ್ಟು ಮಾತ್ರ ಮಾಡಿಕೊಳ್ಳುವುದು ಉತ್ತಮ. ಕಾಳು ಕಾಳಾಗಿರುವವರೆಗೆ ತೈಲವು ಒಳಗೆ ಭದ್ರವಾಗಿರುವುದು. ಪುಡಿಯಾದೊಡನೆ ಅದರ ಪ್ರಯಾಣ ಪ್ರಾರಂಭವಾಗುವುದು.

ಕುಡಿಯುವ ಹೊತ್ತಿಗೆ ಒಂದು ಲೋಟಕ್ಕೆ ಒಂದು ಚಹಾ ಚಮಚ ಪುಡಿಯನ್ನು ಮುಕ್ಕಾಲು ಲೋಟ ನೀರಿನಲ್ಲಿ ಮೂರು ನಾಲ್ಕು ನಿಮಿಷ ಕುದಿಸಿ, ಬೆಲ್ಲವನ್ನು ಆ ನೀರಿನಲ್ಲಿಯೇ ಕರಗಿಸಿ, ಒಲೆಯಿಂದ ಇಳಿಸಬೇಕು. ಕುದಿ ಅಡಗಿದ ಮೇಲೆ, ಬೇರೆಯಾಗಿ ಕಾಯಿಸಿದ ಕಾಲು ಅಥವಾ ಅರ್ಧ ಲೋಟ ಹಾಲನ್ನು ಸೇರಿಸಿ ಸೋಸಬೇಕು. ಬೆಲ್ಲವು ಮೊದಲೇ ನೀರಿನಲ್ಲಿ ಹರಡಿ ತೆಳುವಾಗಿರುವುದರಿಂದಲೂ, ಎರಡೂ ಕೂಡುವಾಗ ಕೆಳಗೆ ಉರಿಯಿಲ್ಲದಿರುವುದರಿಂದಲೂ ಹಾಲು ಒಡೆಯುವುದಿಲ್ಲ. ಹಾಲು ಕುಡಿದರೆ ಹೊಟ್ಟೆಯುಬ್ಬರವಾಗುವ ಪ್ರಕೃತಿ ನಮ್ಮಲ್ಲಿ ಅನೇಕರಿಗುಂಟು. ಬಾಲ್ಯ ಕಳೆದ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕಡಮೆಯಾಗುವುದು ಇದಕ್ಕೆ ಕಾರಣ. ಅಂಥವರಿಗೆ ಕಷಾಯವೇ ಹಿತ. ಹಾಲನ್ನು ಒಂದೆರಡು ಚಮಚಕ್ಕೆ ಇಳಿಸಬಹುದು, ಬಿಟ್ಟೂ ಬಿಡಬಹುದು. ರುಚಿಗೆ ದೊಡ್ಡ ಕುಂದು ಬಾರದು.

ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ದು ನೊರೆ ಬರಿಸಿ ಕೊಡುವ ಪದ್ಧತಿಯೂ ಬರಿಯ ಸೊಗಸಿಗಲ್ಲ. ಹೀಗೆ ಮಾಡುವುದರಿಂದ ತಳದ ಪುಡಿ ಸಮವಾಗಿ ಬೆರೆಯುತ್ತದೆ, ಹಾಲು ಕುಡಿಯುವ ಹದಕ್ಕೆ ಆರುತ್ತದೆ. ಈ ಆರಿಸುವುದರಲ್ಲಿ ಆರೋಗ್ಯದ ಅಂಶವೂ ಇದೆ. 65 ಡಿಗ್ರಿಗಿಂತ ಹೆಚ್ಚು ಬಿಸಿಯಾದ ಪಾನೀಯಗಳನ್ನು ಕುಡಿಯುವ ಅಭ್ಯಾಸವು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2016ರಲ್ಲಿ ತೀರ್ಮಾನಿಸಿತು. ತುಟಿ ಸುಡುವ ಹಾಲು ಗುಣವೆಂಬ ಭಾವನೆಯನ್ನು ಬಿಡಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಗೆ ಬರೋಣ. ಈ ಹಾಲಿನಿಂದ ದೇಹಕ್ಕೆ ಆಗುವುದೇನು? ಹಾಲು ಆಹಾರವೆಂಬುದು ನಿರ್ವಿವಾದ. ಒಂದು ಲೋಟದಲ್ಲಿ ಸುಮಾರು 6 ಗ್ರಾಮ್ ಪ್ರೋಟೀನೂ 240 ಮಿಲಿಗ್ರಾಮ್ ಸುಣ್ಣದ ಅಂಶವೂ ದೊರೆಯುತ್ತವೆ. ಬೆಚ್ಚನೆಯ ದ್ರವವು ನೊಂದ ಗಂಟಲಿಗೆ ನೆಮ್ಮದಿ ಕೊಡುವುದೂ ಅನುಭವಸಿದ್ಧ. ಆದರೆ ಅರಿಸಿನದ ವಿಷಯದಲ್ಲಿ ಲೆಕ್ಕ ಹಾಕಿ ನೋಡಬೇಕಾಗುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಆರೋಗ್ಯವಂತರಿಗೆ 2 ಗ್ರಾಮ್ ಶುದ್ಧ ಕುರ್ಕ್ಯುಮಿನನ್ನು ಮಾತ್ರ ಕೊಟ್ಟಾಗ ರಕ್ತದಲ್ಲಿ ಅದು ಕಾಣಿಸಿಕೊಂಡದ್ದು ಇಲ್ಲವೆನ್ನುವಷ್ಟು ಅಲ್ಪ. ಅದರೊಡನೆ ಮೆಣಸಿನ ಪೈಪರೀನನ್ನು 20 ಮಿಲಿಗ್ರಾಮ್ ಕೊಟ್ಟಾಗ ದೇಹಕ್ಕೆ ದೊರೆತ ಅಂಶವು ನೂರಕ್ಕೆ 2000ದಷ್ಟು ಏರಿತು. ಅರಿಸಿನದೊಡನೆ ಮೆಣಸನ್ನು ಕೂಡಿಸಿದ ಹಿರಿಯರ ಜಾಣತನಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ ಎಂದು ಅನೇಕರು ಬರೆದಿದ್ದಾರೆ.

ಸಾಕ್ಷಿ ನಿಜವೇ, ಆದರೆ ಅದರ ಅಳತೆಯನ್ನೂ ನೋಡಬೇಕು. 20 ಮಿಲಿಗ್ರಾಮ್ ಪೈಪರೀನು ಎಂಟು ಹತ್ತು ಕಾಳು ಮೆಣಸಿನಲ್ಲಿ ದೊರೆಯುತ್ತದೆ. ಅದು ಅಡುಗೆಯ ಮನೆಗೆ ಎಟಕುವ ಮಾತು. ಆದರೆ ಅರಿಸಿನದ ಪುಡಿಯಲ್ಲಿ ಕುರ್ಕ್ಯುಮಿನ್ ನೂರಕ್ಕೆ ಸುಮಾರು 3 ಪಾಲು ಮಾತ್ರ. ನಮ್ಮ ಒಂದು ಲೋಟಕ್ಕೆ ಬೀಳುವ ಕಾಲು ಚಮಚ ಪುಡಿಯಲ್ಲಿ ಅದು 20 ಮಿಲಿಗ್ರಾಮಿನ ಆಸುಪಾಸು. ಆ ಪ್ರಯೋಗದಲ್ಲಿ ಒಬ್ಬರಿಗೆ ಒಂದು ಸಲಕ್ಕೆ ಕೊಟ್ಟ ಪ್ರಮಾಣವನ್ನು ಹಾಲಿನ ಮೂಲಕ ಪಡೆಯಬೇಕಾದರೆ ನೂರು ಲೋಟ ಕುಡಿಯಬೇಕು. ಅಲ್ಲದೆ, ರಕ್ತವನ್ನು ಸೇರಿದ ಮಾತ್ರಕ್ಕೆ ರೋಗ ವಾಸಿಯಾಯಿತೆಂದು ಅರ್ಥವಲ್ಲ. ಅದು ಬೇರೆಯೇ ಪರೀಕ್ಷೆಯ ವಿಷಯ. ಹೀಗಿರುವಲ್ಲಿ ಪ್ರಯೋಗಶಾಲೆಯ ಕೀರ್ತಿಯನ್ನು ನಮ್ಮ ಲೋಟಕ್ಕೆ ವರ್ಗಾಯಿಸುವುದು ನ್ಯಾಯವಲ್ಲ.

ಹಾಗಾದರೆ ಕುರ್ಕ್ಯುಮಿನನ್ನು ಗುಳಿಗೆಯಾಗಿ ನುಂಗಿಬಿಡೋಣವೆಂದು ಯಾರಾದರೂ ಹೇಳಬಹುದು. 2019ರಲ್ಲಿ ಇಟಲಿಯಲ್ಲಿ ಅಂಥ ಗುಳಿಗೆಗಳನ್ನು ಸೇವಿಸಿದವರಲ್ಲಿ ಯಕೃತ್ತಿನ ಉರಿಯೂತ ಕಂಡುಬಂದು ಅಲ್ಲಿಯ ಸರಕಾರವು ಎಚ್ಚರಿಕೆ ಕೊಡಬೇಕಾಯಿತು. ಅಡುಗೆಯ ಪ್ರಮಾಣದಲ್ಲಿ ಹಿತವಾದದ್ದು ಸಾಂದ್ರವಾದಾಗಲೂ ಹಿತವೇ ಆಗಬೇಕೆಂಬ ನಿಯಮವಿಲ್ಲ. ಜಾಜಿಕಾಯಿಯೂ ಹೀಗೆಯೇ. ನಿದ್ರೆಗೆಂದು ಹಾಲಿಗೆ ತೇಯ್ದು ಹಾಕುವ ಒಂದೆರಡು ಸುತ್ತು ರುಚಿಯಾದದ್ದು. ಚಮಚಗಟ್ಟಲೆ ಹಾಕಿದರೆ ಅದು ವಿಷ.

ನಾವು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ, ಈ ಹಾಲಿನ ಮೇಲಿನ ನಂಬಿಕೆಯಿಂದ ಕೆಲವು ವೇಳೆ ಅಮೂಲ್ಯವಾದ ಕಾಲ ಕಳೆದುಹೋಗುತ್ತದೆ. ಸಾಧಾರಣ ಶೀತವು ಒಂದು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಕೀರ್ತಿ ಹಾಲಿಗೆ ಸಲ್ಲುತ್ತದೆ. ಇದರಿಂದ ಹಾನಿಯಿಲ್ಲ. ಆದರೆ ಎರಡು ವಾರ ಮೀರಿದ ಕೆಮ್ಮು ಕ್ಷಯವಿರಬಹುದು. ನಮ್ಮ ದೇಶದಲ್ಲಿ ಅಂಥವರೆಲ್ಲರೂ ಕಫದ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಸರಕಾರದ ನಿಯಮವಿದೆ, ಪರೀಕ್ಷೆಯೂ ಔಷಧವೂ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಅಂಥ ಮನೆಯಲ್ಲಿ ಮೂರನೆಯ ವಾರವೂ ಅರಿಸಿನದ ಹಾಲನ್ನೇ ಕಾಯಿಸುತ್ತಿದ್ದರೆ, ಆ ಲೋಟವು ರೋಗಿಗೂ ಜೊತೆಯಲ್ಲಿ ಮಲಗುವ ಮಕ್ಕಳಿಗೂ ಅಪಾಯವನ್ನು ಮರೆಸುವ ತೆರೆಯಾಗುತ್ತದೆ. ಶಿಶುಗಳ ವಿಷಯದಲ್ಲಿಯೂ ಎಚ್ಚರ ಬೇಕು. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೇ ಸಾಕು. ಮಸಾಲೆಯ ಹಾಲಿಗೆ ಅಲ್ಲಿ ಸ್ಥಳವಿಲ್ಲ. ಬೆಲ್ಲಕ್ಕೆ ಬದಲು ಜೇನನ್ನು ಸೇರಿಸುವವರು ಒಂದು ವರ್ಷದೊಳಗಿನ ಮಗುವಿಗೆ ಅದನ್ನು ನೆಕ್ಕಿಸಲೂ ಕೂಡದು. ಜೇನಿನಲ್ಲಿರಬಹುದಾದ ಒಂದು ಜಾತಿಯ ಸೂಕ್ಷ್ಮಜೀವಿಯ ಬೀಜವು ಶಿಶುವಿನ ಕರುಳಿನಲ್ಲಿ ಮೊಳೆತು ಪ್ರಾಣಕ್ಕೇ ಎರವಾಗಬಲ್ಲದು. ಮಧುಮೇಹವುಳ್ಳವರು ಬೆಲ್ಲವೂ ಸಕ್ಕರೆಯೇ ಎಂಬುದನ್ನು ಮರೆಯಬಾರದು.

ಕೊಳ್ಳುವ ಪದಾರ್ಥದ ವಿಷಯದಲ್ಲಿ ಎರಡು ಮಾತು. ಪೊಟ್ಟಣದ ಪಾಶ್ಚರೀಕರಿಸಿದ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು, ಅಥವಾ ಅದಕ್ಕೆ ಸಮನಾಗಿ, ಮೊದಲೇ ಕಾಯಿಸಿರುತ್ತಾರೆ. ಕರೆದು ತಂದ ಹಾಲು ಹಾಗಲ್ಲ. ಹಸಿಹಾಲಿನ ಮೂಲಕ ಕ್ಷಯವೇ ಮೊದಲಾದ ರೋಗಗಳು ದನಗಳಿಂದ ಮನುಷ್ಯರಿಗೆ ಬರಬಹುದಾದುದರಿಂದ ಅದನ್ನು ಕುದಿಸಿಯೇ ಉಪಯೋಗಿಸಬೇಕು. ಅರಿಸಿನದ ಬಣ್ಣದ ಮೇಲೆಯೂ ಕಣ್ಣಿರಲಿ. ಬಾಂಗ್ಲಾದೇಶದಲ್ಲಿ ಕೊಂಬುಗಳಿಗೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಬಳಿಯುತ್ತಿದ್ದುದು 2019ರಲ್ಲಿ ಪ್ರಕಟವಾದ ಸಂಶೋಧನೆಗಳಿಂದ ಬಯಲಾಯಿತು. ಸೀಸವು ಮಕ್ಕಳ ಮಿದುಳಿಗೆ ಹಗೆ. ಎಷ್ಟು ಕುದಿಸಿದರೂ ಅದು ನಾಶವಾಗುವುದಿಲ್ಲ. ಆದುದರಿಂದ ಕಣ್ಣು ಕುಕ್ಕುವ ಹಳದಿಗೆ ಮರುಳಾಗದೆ, ಮಂಕಾದ ಮೈಯುಳ್ಳ ಕೊಂಬನ್ನು ನಂಬಿಕೆಯ ಕಡೆಯಿಂದ ತಂದು, ತೊಳೆದು ಒಣಗಿಸಿ, ಪುಡಿಮಾಡಿಸಿಕೊಳ್ಳುವುದು ಒಳ್ಳೆಯದು. ಅದು ಸಾಧ್ಯವಾಗದವರು ಮುದ್ರೆಯುಳ್ಳ ಪೊಟ್ಟಣವನ್ನು ಕೊಳ್ಳಲಿ. ಬಿಡಿ ಪುಡಿ ಬೇಡ.

ಹೇಳಿದುದನ್ನು ಒಟ್ಟುಗೂಡಿಸಿದರೆ ನೆನಪಿನಲ್ಲಿಡಬೇಕಾದುದು ಸ್ವಲ್ಪವೇ. ಅರಿಸಿನ, ಶುಂಠಿ, ಮೆಣಸುಗಳಿಗೆ ಮೊದಲು ನೀರಿನ ಕುದಿ. ಬಣ್ಣ ಕರಗುವುದಕ್ಕೆ ಹಾಲಿನ ಜಿಡ್ಡು. ಏಲಕ್ಕಿ ಕೇಸರಿಗಳಿಗೆ ಕಡೆಯ ಗಳಿಗೆ. ಬೆಲ್ಲಕ್ಕೆ ಉರಿಯಿಲ್ಲದ ಸಮಯ. ಈ ಕ್ರಮವನ್ನು ಅನುಸರಿಸಿದವರ ಹಾಲು ಒಡೆಯುವ ಭಯ ಬಹಳ ಕಡಮೆ, ಕೈಗುಣವೂ ತಾನಾಗಿ ಬರುತ್ತದೆ. ಮಳೆಗಾಲದ ಸಂಜೆಯಲ್ಲಿ ಮನೆಯವರೆಲ್ಲರೂ ಒಟ್ಟಿಗೆ ಕುಳಿತು ಕುಡಿಯುವ ಪಾನೀಯವಾಗಿ ಇದಕ್ಕಿರುವ ಬೆಲೆಯೇನೂ ಸಣ್ಣದಲ್ಲ. ಅದಕ್ಕೆ ಔಷಧದ ಕಿರೀಟವನ್ನು ತೊಡಿಸಬೇಕಾದ ಅಗತ್ಯವಿಲ್ಲ. ರೋಗ ಬಂದಾಗ ವೈದ್ಯನ ಬಳಿಗೆ ಹೋಗೋಣ. ಹಿಂತಿರುಗಿ ಬಂದ ಮೇಲೆ ಹಾಲನ್ನು ಕಾಯಿಸೋಣ.